ಉಳಿದದ್ದೆಲ್ಲ ಸರಿಯಾಗಿದೆ

ಶುಕ್ರವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ಅಡುಗೆಮನೆಯ ಮೇಜಿನ ಮುಂದೆ ಕೂತು, ಕೆಂಪಿಂಕು ತಾವು ತೀರಿಕೊಂಡಿರುವ ವಿಷಯವನ್ನು ಪತ್ರಿಕೆಯಲ್ಲಿ ಓದಿದರು.

ಕೆಂಪಿಂಕು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ಅದೇ ಪತ್ರಿಕೆಯಲ್ಲಿ ಪ್ರೂಫ್ ರೀಡರ್ ಆಗಿದ್ದವರಿಗೆ ಆಫೀಸಿನವರು ಅರ್ಧ ಪ್ರೀತಿಯಿಂದ, ಅರ್ಧ ಸಿಟ್ಟಿನಿಂದ ಇಟ್ಟದ್ದು. ಮೂರು ವರ್ಷದ ಹಿಂದೆ ಪತ್ರಿಕೆ ಪ್ರೂಫ್ ವಿಭಾಗವನ್ನೇ ಮುಚ್ಚಿತು. ಅವರು ನಿವೃತ್ತರಾದರು, ಅವರ ಚಟ ನಿವೃತ್ತವಾಗಲಿಲ್ಲ. ಈಗಲೂ ದಿನಾ ಬೆಳಿಗ್ಗೆ ಕೆಂಪು ಪೆನ್ಸಿಲ್ ಹಿಡಿದೇ ಪತ್ರಿಕೆ ಓದುತ್ತಿದ್ದರು. ತಿದ್ದಿದ ಪುಟಗಳನ್ನು ಯಾರಿಗೂ ಕಳಿಸುತ್ತಿರಲಿಲ್ಲ. ಹೆಂಡತಿ ಅವನ್ನು ಪಾತ್ರೆ ಕಪಾಟಿನಲ್ಲಿ ಹಾಸುತ್ತಿದ್ದರು. "ಇಡೀ ಊರಲ್ಲಿ ತಪ್ಪಿಲ್ಲದ ಪೇಪರ್ ಓದೋದು ನಮ್ಮನೆ ಪಾತ್ರೆಗಳು ಮಾತ್ರ" ಅನ್ನುವುದು ಅವರ ಮಾಮೂಲಿ ಮಾತು.

ಪುರವಣಿಯ ಆರನೇ ಪುಟದಲ್ಲಿ, ನಾಲ್ಕು ಕಾಲಮ್ಮಿನ ಅಗಲಕ್ಕೆ, ಅವರ ಮಗಳ ಆಲ್ಬಮ್ಮಿನ ವಿಮರ್ಶೆ ಬಂದಿತ್ತು. ಫೋಟೊದಲ್ಲಿ ಗಿಟಾರ್ ತಬ್ಬಿಕೊಂಡು ಮಗಳು ಎಲ್ಲೋ ನೋಡುತ್ತಿದ್ದಳು. ತಲೆಬರಹ ದೊಡ್ಡ ಅಕ್ಷರದಲ್ಲಿತ್ತು. ಕೆಂಪಿಂಕು ಮೊದಲು ತಲೆಬರಹದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಮುಂದಕ್ಕೆ ಹೋದರು.

"ಜಾನಪದದ ಮಟ್ಟನ್ನು ಎಲೆಕ್ಟ್ರಿಕ್ ಗಿಟಾರಿನ ಪಕ್ಕ ಕೂರಿಸುವವರು ಬಹಳ ಜನ ಇದ್ದಾರೆ. ಎರಡನ್ನೂ ಪರಸ್ಪರ ಮಾತಾಡಿಸುವವರು ಕಡಿಮೆ. ಈ ಗಾಯಕಿ ಮಾತಾಡಿಸಿದ್ದಾರೆ" ಎಂದು ವಿಮರ್ಶೆ ಶುರುವಾಗುತ್ತಿತ್ತು. ಯಾವ ಕಂಪನಿಯ ಹಂಗೂ ಇಲ್ಲದೆ, ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಕಂಬಳಿ ಕಟ್ಟಿ ಧ್ವನಿಮುದ್ರಿಸಿದ ಹಾಡುಗಳಿವು ಎಂದು ಎರಡನೇ ಪ್ಯಾರಾ. ಅಜ್ಜಿಯಿಂದ ಕಲಿತ ಕೆಲಸದ ಪದಗಳು ಈ ಕೊರಳಲ್ಲಿ ಹೊಸ ಕೆಲಸ ಹುಡುಕಿಕೊಂಡಿವೆ ಎಂದು ಮೂರನೆಯದು. ಕೆಂಪಿಂಕು ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಅವರು ಹಾಗೆ ಮಾಡುವುದು ಅಪರೂಪ.

ನಾಲ್ಕನೇ ಪ್ಯಾರಾಕ್ಕೆ ಪೆನ್ಸಿಲ್ ಮತ್ತೆ ಕೈಗೆ ಬಂತು. "ಎಂಟು ಹಾಡುಗಳ ಈ ಆಲ್ಬಮ್ಮಿನ ಜೀವ ಇರುವುದು ಕೊನೆಯ ಹಾಡಿನಲ್ಲಿ. ಗಾಯಕಿ ತಮ್ಮ ದಿವಂಗತ ತಂದೆಯ ಕುರ್ಚಿಯ ಎದುರು ಹಾಡುತ್ತಾರೆ. ಸಾಲುಗಳ ನಡುವೆ ಸಣ್ಣದೊಂದು ಕುಟ್ಟು ಕೇಳಿಸುತ್ತದೆ, ಒಮ್ಮೆ ಒಂದು, ಒಮ್ಮೆ ಎರಡು. ಹಾಡು ಮುಗಿಯುವುದಿಲ್ಲ, ಯಾರದೋ ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತದೆ. ಉತ್ತರ ಕೊಡಬೇಕಾದವರು ಕೊಡುತ್ತಿಲ್ಲ."

ಅವರು 'ಎಂಟು' ಹೊಡೆದು ಪಕ್ಕದಲ್ಲಿ 'ಒಂಬತ್ತು' ಎಂದು ಬರೆದರು. ಮಗಳ ಹಾಡುಗಳ ಸಾಹಿತ್ಯದ ಹಾಳೆಯನ್ನು ಅವರೇ ತಿದ್ದಿಕೊಟ್ಟಿದ್ದರು, ಲೆಕ್ಕ ಗೊತ್ತಿತ್ತು. ಆಮೇಲೆ 'ದಿವಂಗತ' ಎಂಬುದರ ಸುತ್ತ ಒಂದು ವೃತ್ತ ಎಳೆದು, ಅಂಚಿನಲ್ಲಿ ಅಭ್ಯಾಸಬಲದಿಂದ 'ಪರಿಶೀಲಿಸಿ' ಎಂದು ಬರೆದರು.

ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಹೆಂಡತಿ ಕಾಫಿ ಲೋಟವನ್ನು ಕುಕ್ಕಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ಬಂದ ಹೆಂಗಸು, ಮಾತಿಗೆ ತಡವರಿಸಿದವರಲ್ಲ.

"ಪರಿಶೀಲಿಸೋಕೆ ಏನ್ರೀ ಇದೆ? ಬಚ್ಚಲಲ್ಲಿ ಕನ್ನಡಿ ಇದೆ, ಹೋಗಿ ನೋಡ್ಕೊಂಡ್ ಬನ್ನಿ."

"ಅಚ್ಚಾಗಿದೆ ಕಣೇ. ಐವತ್ತು ಸಾವಿರ ಪ್ರತಿ."

"ಐವತ್ತು ಸಾವಿರ ಜನ ನೀವು ಸತ್ತಿದ್ದೀರಿ ಅಂದ್ರೂ ಈ ಲೋಟ ತೊಳ್ಯೋದು ನೀವೇ. ಇವತ್ತು ನಿಮ್ಮ ಸರದಿ."

ಫೋನು ರಿಂಗಾಯಿತು. ಹಿಂದೆ ಅವರ ಜೊತೆ ಪುಟ ಕಟ್ಟುತ್ತಿದ್ದ ಗೆಳೆಯ. "ಸಾರ್, ನೀವೇನಾ? ಯಾರು ಎತ್ತುತ್ತಾರೋ ನೋಡೋಣ ಅಂತ ಮಾಡ್ದೆ" ಎಂದು ಐದು ನಿಮಿಷ ನಕ್ಕು, "ಮೂವತ್ತೊಂದು ವರ್ಷದಲ್ಲಿ ನಿಮ್ಮ ಬಗ್ಗೆ ಒಂದು ಸಾಲು ಬರ್ಲಿಲ್ಲ. ಬಂದಾಗ ಹಿಂಗೆ ಬಂತು ನೋಡಿ" ಎಂದು ಇಟ್ಟ.

ಮಗಳು ಕನ್ನಡಕದಂಗಡಿಯ ನೀಲಿ ಕೋಟು ಹಾಕಿಕೊಂಡು, ಕೂದಲು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಮೂವತ್ತೆರಡು ವರ್ಷ. ಹಗಲು ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾಳೆ, ಉಳಿದ ಹೊತ್ತು ಹಾಡು ಕಟ್ಟುತ್ತಾಳೆ. ಕೆಂಪಿಂಕು ಹಾಕಿಕೊಂಡಿದ್ದ ಕನ್ನಡಕವೂ ಅವಳ ಕೈಯದೇ. ಮುಖ ನೋಡಿದರೆ ವಿಮರ್ಶೆಯನ್ನು ಫೋನಿನಲ್ಲಿ ಆಗಲೇ ನಾಲ್ಕೈದು ಸಲ ಓದಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಮೇಜಿನ ಮೇಲಿನ ಕೆಂಪು ವೃತ್ತ ಕಂಡು ಆ ಮುಖ ಸ್ವಲ್ಪ ಇಳಿಯಿತು.

"ಅಪ್ಪ, ಅದನ್ನ ಹಾಗೇ ಬಿಟ್ಬಿಡು."

"ಯಾವುದನ್ನ?"

"ನೀನು ಸತ್ತಿರೋದನ್ನ."

"ನೀನೇ ಹೇಳಿದ್ಯಾ ಅವ್ರಿಗೆ?"

"ನನ್ನನ್ನ ಯಾರು ಕೇಳಿದ್ರು? ಹಾಡು ಕೇಳಿ ಅವ್ರೇ ಹಾಗಂದ್ಕೊಂಡಿದ್ದಾರೆ. ಅಂಗಡಿಯಿಂದ ಆಲ್ಬಂ ತಗೊಂಡು ಹೋಗಿ, ಕೇಳಿ, ಬರ್ದಿದ್ದಾರೆ." ಅವಳು ಎದುರು ಕೂತಳು. "ಎಂಟು ವರ್ಷ ಅಪ್ಪ. ನಾನೇ ಮುದ್ರಿಸಿ, ನಾನೇ ಕವರ್ ಅಂಟಿಸಿ, ನಾನೇ ಚೀಲದಲ್ಲಿ ಹೊತ್ಕೊಂಡು ಅಂಗಡಿ ಅಂಗಡಿಗೆ ಕೊಟ್ಟಿದ್ದು. ಮೊದಲನೇ ಸಲ ಒಬ್ರು ಕೂತು ಕೇಳಿದ್ದಾರೆ. ನಾಳೆ ಪೇಪರಲ್ಲಿ 'ಆಕೆಯ ತಂದೆ ಬದುಕಿದ್ದಾರೆ' ಅಂತ ಬಂದ್ರೆ ಆ ಹಾಡಿನ ಗತಿ ಏನು? ಗಟ್ಟಿಮುಟ್ಟಾಗಿರೋ ಅಪ್ಪನ ಮೇಲೆ ಗೋಳೋ ಅಂತ ಹಾಡಿದ್ಲು ಅಂತ ನಗ್ತಾರೆ. ಹೊಗಳಿಕೆ ಎಲ್ಲಾ ತಮಾಷೆ ಆಗೋಗುತ್ತೆ."

"ಹಾಗಂತ ನಾನು ಸತ್ತೇ ಇರ್ಲಾ?"

"ಒಂದು ವಾರ ಅಪ್ಪ. ಆಮೇಲೆ ಜನ ಮರೀತಾರೆ."

ಹೆಂಡತಿ ಒಲೆಯ ಕಡೆ ತಿರುಗಿಕೊಂಡು ನಗು ನುಂಗಿದರು.

"ತಪ್ಪು ಅಂತ ಗೊತ್ತಿದ್ದೂ ಬಿಟ್ಟಿದ್ದು ನನ್ನ ಜೀವಮಾನದಲ್ಲಿಲ್ಲ ಪುಟ್ಟಿ" ಎಂದರು ಕೆಂಪಿಂಕು.

"ಗೊತ್ತು. ಅಷ್ಟು ಗೊತ್ತಿಲ್ವಾ ನಂಗೆ?" ಮಗಳು ಎದ್ದು ಚೀಲ ಹೆಗಲಿಗೇರಿಸಿದಳು. ಬಾಗಿಲ ಹತ್ತಿರ ನಿಂತು, ತಿರುಗದೆಯೇ ಕೇಳಿದಳು. "ಆ ಹಾಡು ಕೇಳಿದ್ಯಾ ನೀನು?"

"ಸಾಹಿತ್ಯ ಪೂರ್ತಿ ತಿದ್ದಿಕೊಟ್ಟೆನಲ್ಲ. ನಾಲ್ಕು ತಪ್ಪಿತ್ತು."

"ಹೌದು. ನಾಲ್ಕು" ಎಂದು ಅವಳು ಹೊರಟಳು. ಬಾಗಿಲು ಮೆಲ್ಲಗೇ ಮುಚ್ಚಿಕೊಂಡಿತು. ಜೋರಾಗಿ ಬಡಿದಿದ್ದರೆ ಅವರಿಗೆ ಇಷ್ಟು ಇರಿಸುಮುರಿಸು ಆಗುತ್ತಿರಲಿಲ್ಲ.

ಲೋಟ ತೊಳೆದು, ಪುರವಣಿಯನ್ನು ನಾಲ್ಕಾಗಿ ಮಡಿಸಿ, ಅವರು ಆಫೀಸಿನ ಕಡೆ ನಡೆದರು. ಇಪ್ಪತ್ತೈದು ನಿಮಿಷದ ದಾರಿ. ಬೀಗದ ಅಂಗಡಿ, ಬಟ್ಟೆ ಒಗೆಯುವ ಅಂಗಡಿ, ಮುಚ್ಚಿದ ಸಿನಿಮಾ ಮಂದಿರ, ಪ್ರತಿ ಫಲಕದ ಮೇಲಿನ ತಪ್ಪೂ ಅವರಿಗೆ ಬಾಯಿಪಾಠ. ಇವತ್ತು ಯಾವುದರ ಕಡೆಗೂ ಕಣ್ಣು ಹೋಗಲಿಲ್ಲ.

ಮಗಳ ಹಾಡನ್ನು ಅವರು ಕೇಳದೇ ಇರಲು ಕಾರಣವಿತ್ತು. ಅವಳು ಇಪ್ಪತ್ತು ವರ್ಷದವಳಿದ್ದಾಗ ಮೊದಲ ಹಾಡು ಕಟ್ಟಿ, ಅಪ್ಪನನ್ನು ಮುಂದೆ ಕೂರಿಸಿಕೊಂಡು ಹಾಡಿದ್ದಳು. ಮುಗಿದ ಮೇಲೆ ಅವರು ಬಹಳ ಯೋಚಿಸಿ, ಉಪಕಾರವಾಗಲಿ ಎಂದೇ ಹೇಳಿದ್ದರು: "ಚೆನ್ನಾಗಿದೆ. ಆದ್ರೆ ಒಂದೇ ಸಾಲು ನಾಲ್ಕು ಸಲ ಬಂದಿದೆ. ಮೂರನ್ನ ತೆಗೀಬಹುದು." ಅದು ಪಲ್ಲವಿ. ಹೆಂಡತಿ ಆ ಕಥೆಯನ್ನು ಬಂದ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದರು, ಮಗಳೂ ನಗುತ್ತಿದ್ದಳು. ಆದರೆ ಆಮೇಲೆ ಯಾವತ್ತೂ ಅಪ್ಪನ ಮುಂದೆ ಹಾಡಲಿಲ್ಲ. ಅವರೂ ಹಾಡು ಅಂತ ಹೇಳಲಿಲ್ಲ. ಕೇಳಿದರೆ ತಪ್ಪು ಸಿಗುತ್ತದೆ, ಸಿಕ್ಕಿದರೆ ಹೇಳದೆ ಇರಲು ಆಗುವುದಿಲ್ಲ ಎಂದು ಅವರಿಗೆ ತಮ್ಮ ಬಗ್ಗೆಯೇ ಭಯ. ಕಾಗದದ ಮೇಲೆ ಕೊಟ್ಟರೆ ಮಾತ್ರ ಧೈರ್ಯ. ಕಾಗದದ ಮೇಲಿನ ತಪ್ಪಿಗೆ ಯಾರೂ ಅಳುವುದಿಲ್ಲ.

ಮೂರನೇ ಮಹಡಿಯಲ್ಲಿ ಪ್ರೂಫ್ ವಿಭಾಗ ಇದ್ದ ಜಾಗದಲ್ಲಿ ಈಗ ಕಾಫಿ ಯಂತ್ರವೂ ಹಳೆಯ ಕಂಪ್ಯೂಟರ್‌ಗಳ ರಾಶಿಯೂ ಇದ್ದವು. ವಿಭಾಗ ಮುಚ್ಚಿದ ದಿನ ಅವರು ತಮ್ಮ ಮರದ ಕುರ್ಚಿಯನ್ನು ಕೇಳಿ ಪಡೆದು ಮನೆಗೆ ತಂದಿದ್ದರು. ತಂದದ್ದಷ್ಟೆ, ಅದರಲ್ಲಿ ಮತ್ತೆ ಕೂರಲಿಲ್ಲ. ಅದು ಹಿಂದಿನ ಕೋಣೆ ಸೇರಿತು, ಮಗಳ ಕಂಬಳಿಗಳ ನಡುವೆ.

ಸುದ್ದಿ ಸಂಪಾದಕ ಒಂದು ಕಾಲಕ್ಕೆ ಅವರ ಕೈಕೆಳಗೆ ಕಲಿತವನು. ನೋಡಿದವನೇ ಎದ್ದು ನಿಂತ. "ಬನ್ನಿ ಸಾರ್, ಬನ್ನಿ. ಏನು ತಪ್ಪು ಮಾಡಿದ್ವಿ ಇವತ್ತು?"

ಕೆಂಪಿಂಕು ಪುರವಣಿ ಬಿಡಿಸಿ ಮುಂದಿಟ್ಟರು. ಅವನು ವೃತ್ತ ನೋಡಿದ, 'ಪರಿಶೀಲಿಸಿ' ಓದಿದ, ಫೋಟೊ ನೋಡಿದ, ಇವರ ಮುಖ ನೋಡಿದ.

"ಇವ್ರು... ನಿಮ್ಮ ಮಗಳಾ?"

"ಹೌದು. ನಾನು ದಿವಂಗತ."

ಸಂಪಾದಕ ತಲೆ ಮೇಲೆ ಕೈ ಹೊತ್ತು, ಮೂಲೆಯ ಮೇಜಿನ ಕಡೆ ಕೂಗಿದ. ಕೊರಳಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡಿದ್ದ ತೆಳ್ಳನೆಯ ಹುಡುಗಿಯೊಬ್ಬಳು ಬಂದಳು. ವಿಮರ್ಶೆ ಬರೆದವಳು. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತಂತೆ. ವಿಷಯ ತಿಳಿದಾಗ ಅವಳ ಮುಖ ಕಾಗದದ ಬಣ್ಣಕ್ಕೆ ತಿರುಗಿತು.

"ಕೇಳ್ಬೇಕಿತ್ತು ಸಾರ್. ಒಂದು ಫೋನ್ ಮಾಡ್ಬೇಕಿತ್ತು. ಮಾಡ್ಲಿಲ್ಲ" ಎಂದಳು. ಅಷ್ಟು ಹೇಳಿ ನಿಲ್ಲಿಸಿದ್ದು ಕೆಂಪಿಂಕು ಅವರಿಗೆ ಹಿಡಿಸಿತು. ನೆವ ಹೇಳದ ವರದಿಗಾರರನ್ನು ಅವರು ಬೆರಳೆಣಿಕೆಯಷ್ಟೇ ಕಂಡಿದ್ದರು.

"ಯಾಕೆ ಹಾಗನ್ನಿಸ್ತು ನಿಮಗೆ?"

"ಹಾಡು ಹಾಗಿದೆ ಸಾರ್. ಅಷ್ಟು ಕಾಯ್ತಾರಲ್ಲ ಅವ್ರು... ಬದುಕಿರೋರಿಗೆ ಯಾರಾದ್ರೂ ಅಷ್ಟು ಕಾಯ್ತಾರಾ ಅಂತ." ಅವಳು ತುಟಿ ಕಚ್ಚಿಕೊಂಡಳು. "ನೀವೇ ಕೇಳಿದ್ದೀರಲ್ಲ, ನಿಮಗೆ ಗೊತ್ತು."

ಕೆಂಪಿಂಕು ಪುರವಣಿಯನ್ನು ಮತ್ತೆ ಮಡಿಸಿದರು. "ಇಲ್ಲ. ಕೇಳಿಲ್ಲ."

ಸಂಪಾದಕ ಕಿಟಕಿಯ ಕಡೆ ನೋಡಿದ. ಹುಡುಗಿ ಹೆಡ್‌ಫೋನ್ ತೆಗೆದು ಅವರ ಕೈಗಿಟ್ಟಳು. ತನ್ನ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿದಳು.

"ಕೊನೇದು ಹಾಕ್ಲಾ ಸಾರ್?"

"ಮೊದಲಿಂದ ಹಾಕಿ. ಮಧ್ಯದಿಂದ ಓದಿ ಅಭ್ಯಾಸ ಇಲ್ಲ."

ಒಂಬತ್ತು ಹಾಡು, ಮೂವತ್ತೆಂಟು ನಿಮಿಷ. ಮೊದಲನೆಯದು ಒಂದು ನಿಮಿಷವೂ ಇರಲಿಲ್ಲ. ಬರೀ ಅಜ್ಜಿಯ ಮಟ್ಟು, ವಾದ್ಯವಿಲ್ಲ. ಹುಡುಗಿ ಅದನ್ನು ಪೀಠಿಕೆ ಎಂದು ತಿಳಿದು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದು ಅವರಿಗೆ ಅಲ್ಲೇ ಹೊಳೆಯಿತು. ಎರಡನೆಯದರಲ್ಲಿ ಡ್ರಮ್ಮು ನುಗ್ಗಿದಾಗ ಬೆಚ್ಚಿದರು. ನಾಲ್ಕನೆಯದರಲ್ಲಿ ಒಂದು ಸಾಲು ನಾಲ್ಕು ಸಲ ಬಂತು. ಅವರ ಬೆರಳು ಪೆನ್ಸಿಲ್ಲಿಗೆ ತಡಕಾಡಿತು. ಮೊದಲ ಸಲ ಅದು ಪ್ರಶ್ನೆಯಂತಿತ್ತು, ಎರಡನೇ ಸಲ ಜಗಳದಂತೆ, ಮೂರನೇ ಸಲ ತನಗೆ ತಾನೇ ಹೇಳಿಕೊಂಡಂತೆ, ನಾಲ್ಕನೇ ಸಲ ಗಿಟಾರು ಸುಮ್ಮನಾಗಿ ಬರೀ ಕೊರಳು ಉಳಿಯಿತು. ಯಾವ ಮೂರನ್ನು ತೆಗೆಯುವುದು? ಅವರು ಪೆನ್ಸಿಲ್ ಬಿಟ್ಟರು.

ಕೊನೆಯ ಹಾಡು ಶುರುವಾಯಿತು.

ಕುರ್ಚಿ ಇಲ್ಲೇ ಇದೆ, ಎಂದಿತು ಮಗಳ ದನಿ. ಟಕ್. ಕೂತವರು ಎದ್ದು ಹೋದರು. ಟಕ್ ಟಕ್. ಪೆನ್ಸಿಲ್ಲು ಮೊಂಡಾಯಿತು, ಟಕ್, ಕನ್ನಡಕ ಮಡಿಸಿದೆ, ಟಕ್, ನಾನಿನ್ನೂ ಓದುತ್ತಲೇ ಇದ್ದೇನೆ. ಟಕ್ ಟಕ್.

ಕೆಂಪಿಂಕು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರು.

ಪ್ರೂಫ್ ತಿದ್ದುವುದು ಇಬ್ಬರ ಕೆಲಸ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಕಣ್ಣಿಟ್ಟಿರಬೇಕು. ಓದುವವರು ಅಲ್ಪವಿರಾಮ, ಪೂರ್ಣವಿರಾಮ ಎಂದು ಹೇಳುತ್ತಾ ಕೂತರೆ ಹೊತ್ತು ಹೋಗುತ್ತದೆ. ಅದಕ್ಕೆ ಮೇಜಿನ ಮೇಲೆ ಪೆನ್ಸಿಲ್ಲಿನಿಂದ ಕುಟ್ಟುತ್ತಾರೆ, ಅಲ್ಪವಿರಾಮಕ್ಕೆ ಒಂದು, ಪೂರ್ಣವಿರಾಮಕ್ಕೆ ಎರಡು. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ, ಭಾನುವಾರಗಳಲ್ಲಿ ಅವರು ಮನೆಗೆ ತರುತ್ತಿದ್ದ ಪುಟಗಳಿಗೆ ಓದುವವಳು ಅವಳೇ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅರ್ಥವಾಗದ ಹಣಕಾಸಿನ ಲೇಖನಗಳನ್ನೂ ಅವಳು ರಾಗವಾಗಿ ಓದುತ್ತಿದ್ದಳು. ಟಕ್. ಟಕ್ ಟಕ್. ಅವರಿಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಲೇಖನದ ಕೊನೆಯ ಪೂರ್ಣವಿರಾಮವನ್ನು ಅವಳು ಕುಟ್ಟುವಂತಿಲ್ಲ. ಅದು ಅಪ್ಪನದು. ಅಪ್ಪ ಎರಡು ಸಲ ಕುಟ್ಟಿದರೆ ಎಲ್ಲ ಸರಿಯಾಗಿದೆ, ಅಚ್ಚಿಗೆ ಹೋಗಬಹುದು ಎಂದರ್ಥ. ಅಲ್ಲಿಯವರೆಗೆ ಅವಳು ಪೆನ್ಸಿಲ್ ಎತ್ತಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಅವರ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.

ಹಾಡಿನ ಕೊನೆಯ ಮಾತು ಬಂತು. ಕುಟ್ಟು ಬರಲಿಲ್ಲ. ಎಳೆದು ಹಿಡಿದ ಒಂದು ಉಸಿರು ಕೇಳಿಸಿತು, ಎಂಟು ಸೆಕೆಂಡು ಇರಬೇಕು, ಅಷ್ಟೇ.

ಅವರು ಮಡಿಸಿದ್ದ ಪುರವಣಿಯನ್ನು ಹತ್ತಿರಕ್ಕೆ ಎಳೆದುಕೊಂಡು ವಿಮರ್ಶೆಯ ಆ ಸಾಲನ್ನು ಮತ್ತೆ ಓದಿದರು. ಉತ್ತರ ಕೊಡಬೇಕಾದವರು ಕೊಡುತ್ತಿಲ್ಲ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಹೆಡ್‌ಫೋನ್ ತೆಗೆದು, ಕನ್ನಡಕ ತೆಗೆದು, ಅದನ್ನು ಅಂಗಿಯ ತುದಿಯಿಂದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ಹುಡುಗಿ ಮೇಜಿನ ಆಚೆ ನಿಂತೇ ಇದ್ದಳು.

"ಕೂತ್ಕೊಳಮ್ಮ. ಚೆನ್ನಾಗಿ ಕೇಳಿಸ್ಕೊಂಡಿದ್ದೀಯ" ಎಂದರು. ಬಹುವಚನ ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ.

ಸಂಪಾದಕ ಬಂದು, "ನಾಳೆ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕೋಣ ಸಾರ್. ನಲವತ್ತು ಪದ ಮೀರಬಾರದು, ಅದು ನಿಯಮ" ಎಂದ.

"ನಿಯಮ ಮಾಡಿದ್ದು ನಾನೇ."

"ಹಾಗಾದ್ರೆ ನೀವೇ ಬರೀರಿ."

ಮೂವತ್ತೊಂದು ವರ್ಷ ಬೇರೆಯವರ ಸಾಲು ತಿದ್ದಿದ ಮನುಷ್ಯ ಆ ಪತ್ರಿಕೆಗಾಗಿ ಸ್ವಂತದ ಒಂದು ಸಾಲೂ ಬರೆದಿರಲಿಲ್ಲ. ಮೂರು ಹಾಳೆ ಹರಿದರು. ತಪ್ಪನ್ನು ಬಿಡುವಂತಿಲ್ಲ, ಮಗಳ ಹೊಗಳಿಕೆಗೆ ಒಂದು ಗೀರೂ ಬೀಳುವಂತಿಲ್ಲ. ನಾಲ್ಕನೇ ಹಾಳೆಯಲ್ಲಿ ಇಪ್ಪತ್ಮೂರು ಪದಕ್ಕೆ ಕೆಲಸ ಮುಗಿಯಿತು. ಸಂಪಾದಕ ಓದಿದ. ಕೊನೆಯ ವಾಕ್ಯಕ್ಕೆ ಬಂದು ಹುಬ್ಬೇರಿಸಿದ.

"ಸಾರ್, ತಿದ್ದುಪಡಿಯಲ್ಲಿ ಏನು ತಪ್ಪು ಅಂತ ಹಾಕ್ತೀವಿ. ಏನು ಸರಿ ಅಂತ ಯಾರೂ ಹಾಕಲ್ಲ."

"ಏನು ತಪ್ಪು ಅಂತ ಮೂವತ್ತೊಂದು ವರ್ಷ ಹೇಳಿದ್ದೀನಿ. ಆಗ ನಂಬಿದ್ದೀರಲ್ಲ? ಇದನ್ನೂ ಅಷ್ಟೇ ಪರಿಶೀಲಿಸಿ ಬರ್ದಿದ್ದೀನಿ. ಒಂದು ಅಕ್ಷರ ತೆಗೆದ್ರೂ ನಾನು ಸತ್ತಿರೋದೇ ವಾಸಿ."

ಹುಡುಗಿ ಮೊದಲ ಸಲ ನಕ್ಕಳು. ಸಂಪಾದಕ ಕೈಮುಗಿದು ಹಾಳೆ ತೆಗೆದುಕೊಂಡು ಹೋದ.

ಸಂಜೆ ಮಗಳು ಬಂದಳು. ಊಟದಲ್ಲಿ ಉಪ್ಪಿನ ಡಬ್ಬಿಯನ್ನು ಇಬ್ಬರೂ ತಾಯಿಯ ಮೂಲಕ ದಾಟಿಸಿಕೊಂಡರು. "ನಾನು ಎಕ್ಸ್‌ಚೇಂಜ್ ಬಿಟ್ಟು ಎಂಟು ವರ್ಷ ಆಯ್ತು. ಇನ್ನೂ ಲೈನ್ ಕೊಡ್ತಾನೇ ಇರ್ಬೇಕಾ?" ಎಂದರು ತಾಯಿ.

ಶನಿವಾರ ಬೆಳಿಗ್ಗೆ ಪತ್ರಿಕೆ ಬಂದಾಗ ಅಡುಗೆಮನೆಯ ಮೇಜಿನ ಮುಂದೆ ಕೆಂಪಿಂಕು ಇರಲಿಲ್ಲ. ಮಗಳು ಹೊಸಿಲಲ್ಲೇ ನಿಂತು ಎರಡನೇ ಪುಟ ತೆರೆದಳು. ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಪತ್ರಿಕೆ ಹಿಡಿದುಕೊಂಡು ಮನೆಯೆಲ್ಲ ಹುಡುಕಿದಳು.

ಅವರು ಹಿಂದಿನ ಕೋಣೆಯಲ್ಲಿ, ಕಂಬಳಿಗಳ ನಡುವೆ, ತಮ್ಮ ಮರದ ಕುರ್ಚಿಯಲ್ಲಿ ಕೂತಿದ್ದರು. ಕಾಲಿಗೆ ಒಂದು ವೈರು ಸುತ್ತಿಕೊಂಡಿತ್ತು, ಅಲುಗಾಡಿದರೆ ಏನು ಕಿತ್ತುಹೋಗುತ್ತದೋ ಎಂದು ಅಲುಗಾಡದೆ ಕೂತಿದ್ದರು. ಕೈಯಲ್ಲಿ ಕೆಂಪು ಪೆನ್ಸಿಲ್.

ಮಗಳು ಗಿಟಾರನ್ನು ಪಕ್ಕಕ್ಕೆ ಸರಿಸಿ ಎದುರಿನ ಸ್ಟೂಲಿನ ಮೇಲೆ ಕೂತಳು. ಮೈಕಿನ ಕೆಳಗಿದ್ದ ತನ್ನ ಮೊಂಡು ಪೆನ್ಸಿಲ್ಲನ್ನು ತೆಗೆದುಕೊಂಡಳು. ಒಂಬತ್ತು ವರ್ಷದವಳ ರಾಗದಲ್ಲಿ ಓದತೊಡಗಿದಳು.

"ನಿನ್ನೆಯ ಪುರವಣಿಯ ಆರನೇ ಪುಟದ ಸಂಗೀತ ವಿಮರ್ಶೆಯಲ್ಲಿ ಗಾಯಕಿಯ ತಂದೆಯನ್ನು ದಿವಂಗತ ಎಂದು ಬರೆಯಲಾಗಿತ್ತು." ಟಕ್ ಟಕ್. "ಅವರು ಬದುಕಿದ್ದಾರೆ." ಟಕ್ ಟಕ್. "ಆಲ್ಬಮ್ಮಿನಲ್ಲಿರುವ ಹಾಡುಗಳು ಎಂಟಲ್ಲ," ಟಕ್. "ಒಂಬತ್ತು," ಟಕ್. "ಒಂಬತ್ತನ್ನೂ ತಂದೆ ಕೇಳಿದ್ದಾರೆ." ಇಲ್ಲಿ ದನಿ ಸ್ವಲ್ಪ ಜಾರಿತು. ಸರಿಪಡಿಸಿಕೊಂಡು ಎರಡು ಸಲ ಕುಟ್ಟಿದಳು. "ವಿಮರ್ಶೆಯಲ್ಲಿ ಉಳಿದದ್ದೆಲ್ಲ ಸರಿಯಾಗಿದೆ"

ಪೆನ್ಸಿಲ್ ಎತ್ತಿ ಹಿಡಿದು ನಿಲ್ಲಿಸಿದಳು. ಅವರ ಮುಖ ನೋಡಿದಳು.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಅಲ್ರೀ, ಕುರ್ಚಿ ಖಾಲಿ ಅಂತ ಪಾಪ ಅವ್ಳು ಅಷ್ಟು ಚೆನ್ನಾಗಿ ಹಾಡಿದ್ದಾಳೆ. ನೀವು ಹೋಗಿ ಕೂತ್ಬಿಟ್ರಿ. ನಾಳೆಗೆ ಇನ್ನೊಂದು ತಿದ್ದುಪಡಿನಾ?"

"ಸುಮ್ನಿರೇ, ಇನ್ನೂ ಮುಗಿದಿಲ್ಲ" ಎಂದರು ಕೆಂಪಿಂಕು. ಆಮೇಲೆ ಕುರ್ಚಿಯ ಕೈಯ ಮೇಲೆ, ಅವಸರವಿಲ್ಲದೆ, ಎರಡು ಸಲ ಕುಟ್ಟಿದರು.